ಅಪ್ಪ ಬಿಪಿ ಮಾತ್ರೆ ಬಿಟ್ಟು ಸೋರೆಕಾಯಿ ಜ್ಯೂಸ್ ಹಿಡಿದಿದ್ದಾರೆ, ಏನು ಮಾಡೋದು?

ಮಾಲೂರು ಹುಡುಗ
ಅಪ್ಪನಿಗೆ 68. ಮಾಲೂರು ಹತ್ತಿರದ ಹಳ್ಳಿಯಲ್ಲಿ ಅಮ್ಮನ ಜೊತೆ ಇದ್ದಾರೆ. ನನಗೆ ವೈಟ್‌ಫೀಲ್ಡ್‌ನಲ್ಲಿ ಕೆಲಸ, ಭಾನುವಾರ ಊರಿಗೆ ಹೋಗುತ್ತೇನೆ. ಹೋದ ತಿಂಗಳು ಅಪ್ಪ ಯಾವುದೋ ಪ್ರಕೃತಿ ಶಿಬಿರಕ್ಕೆ ಮೂರು ದಿನ ಹೋಗಿ ಬಂದರು. ಬಂದವರೇ ಬಿಪಿ ಮಾತ್ರೆ ನಿಲ್ಲಿಸಿದರು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ ಸೋರೆಕಾಯಿ ಜ್ಯೂಸ್. ಫಿಲ್ಟರ್ ನೀರು "ಸತ್ತ ನೀರು" ಅಂತೆ, ಹಾಗಾಗಿ ಕುಡಿಯೋಕೂ ತೋಟದ ಬೋರ್‌ವೆಲ್ ನೀರೇ. ಏನಾದರೂ ಹೇಳಿದರೆ "ನಿಮ್ಮಜ್ಜ ಒಂದು ಮಾತ್ರೆ ನುಂಗದೆ 90 ವರ್ಷ ಬದುಕಿದ" ಅಂತಾರೆ. ಅದು ನಿಜವೇ. ನನಗೆ ಬಾಯಿ ಕಟ್ಟಿದ ಹಾಗಾಗಿದೆ. ನಿಮ್ಮ ಮನೆಗಳಲ್ಲಿ ಹೇಗೆ?

ಶಿರಾ ಮೇಷ್ಟ್ರು
ಅಪ್ಪನ ಪಾಡಿಗೆ ಅಪ್ಪನನ್ನು ಬಿಡಪ್ಪ. ನನಗೆ 71. ಬೆಳಿಗ್ಗೆ ಐದಕ್ಕೆ ಎದ್ದು ಕೆರೆ ಏರಿ ಮೇಲೆ ಒಂದು ಗಂಟೆ ನಡೆಯುತ್ತೇನೆ. ಮಧ್ಯಾಹ್ನ ಮುದ್ದೆ, ಉಪ್ಸಾರು. ರಾತ್ರಿ ಎಂಟರೊಳಗೆ ಊಟ ಮುಗಿಯುತ್ತೆ. ಇವತ್ತಿಗೂ ನೆಲದ ಮೇಲೆ ಕೂತು ಉಂಡು, ಕೈ ಊರದೆ ಏಳುತ್ತೇನೆ. ನಿಮ್ಮ ಆಫೀಸಿನ ಮೂವತ್ತರ ಹುಡುಗರಿಗೆ ಒಮ್ಮೆ ಮಾಡಿ ತೋರಿಸೋಕೆ ಹೇಳು. ನಮ್ಮ ಸಿದ್ಧಗಂಗಾ ಶ್ರೀಗಳು 111 ವರ್ಷ ಬಾಳಿದರು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ನೂರು ದಾಟಿದರು. ಅವರೆಲ್ಲ ಚೀಲದ ತುಂಬ ಮಾತ್ರೆ ಇಟ್ಟುಕೊಂಡು ಓಡಾಡಿದರಾ?

ಚಿಂತಾಮಣಿ ಸಿಸ್ಟರ್
ಮೇಷ್ಟ್ರೇ, ನೀವು ನೆಲದಿಂದ ಏಳೋದನ್ನು ಓದಿ ಖುಷಿಯಾಯ್ತು. ಅದನ್ನು ಮಾತ್ರ ಬಿಡಬೇಡಿ. ವಯಸ್ಸಾದವರ ವಿಷಯದಲ್ಲಿ ನಮಗೆ ಶುಗರ್‌ಗಿಂತ ಹೆಚ್ಚು ಭಯ ಬಚ್ಚಲಲ್ಲಿ ಜಾರಿ ಬೀಳೋದರದ್ದು. ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದವರನ್ನು ಎಷ್ಟು ಜನರನ್ನು ನೋಡಿದ್ದೇನೋ.

ಆದರೆ ಶ್ರೀಗಳ ಹೆಸರು ತಂದಿರಲ್ಲ, ಅದರ ಇನ್ನೊಂದು ಅರ್ಧವನ್ನೂ ಹೇಳಿ. 2018ರ ಡಿಸೆಂಬರ್‌ನಲ್ಲಿ ಅವರನ್ನು ಚೆನ್ನೈಗೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿದರು. ಅದಕ್ಕೂ ಮುಂಚೆ ಪಿತ್ತನಾಳಕ್ಕೆ ಸ್ಟೆಂಟ್‌ಗಳನ್ನು ಹಾಕಿದ್ದರು. ಊಟ ಸಾದಾ ಇತ್ತು, ಬೇಕಾದಾಗ ಆಸ್ಪತ್ರೆಯೂ ಇತ್ತು.

ಮಾಲೂರು ತಮ್ಮಾ, ಮಾತ್ರೆ ಬಿಟ್ಟ ಮೇಲೆ ಅಪ್ಪ "ಆರಾಮಾಗಿದ್ದೀನಿ" ಅಂತಿರಬೇಕು, ಅಲ್ವಾ? ಬಿಪಿ ಏರಿದರೆ ಎಷ್ಟೋ ಜನಕ್ಕೆ ಏನೂ ಗೊತ್ತಾಗಲ್ಲ. ತಲೆನೋವೂ ಬರಲ್ಲ. ಒಂದು ದಿನ ಬಾಯಿ ಸೊಟ್ಟ ಆದಾಗಲೇ ಗೊತ್ತಾಗೋದು. ಅವರು ಯಾವ ಮಾತ್ರೆ ತಗೋತಿದ್ದರು ನೋಡಿ. ಅಟೆನೊಲಾಲ್, ಮೆಟೊಪ್ರೊಲಾಲ್ ತರದ್ದನ್ನು ದಿಢೀರ್ ಅಂತ ನಿಲ್ಲಿಸಿದರೆ ಎದೆನೋವೇ ಬರಬಹುದು.

ಸೋರೆಕಾಯಿ ಒಳ್ಳೆಯದೇ, ಬೇಯಿಸಿ ತಿಂದರೆ. ಜ್ಯೂಸ್ ಸ್ವಲ್ಪ ಕಹಿ ಅನ್ನಿಸಿದರೂ ಉಗಿದುಬಿಡಬೇಕು. ಕಹಿ ಸೋರೆಯಲ್ಲಿ ಕುಕುರ್ಬಿಟಾಸಿನ್ ಅನ್ನೋ ವಿಷ ಇರುತ್ತೆ. ವಾಂತಿಯಲ್ಲಿ ರಕ್ತ ಬಂದು ಸತ್ತವರಿದ್ದಾರೆ. ಶಿಬಿರದಲ್ಲಿ "ಕಹಿಯಾದಷ್ಟೂ ಔಷಧಿ" ಅಂತ ಹೇಳಿರುತ್ತಾರೆ. ಅದೇ ನನಗೆ ಹೆದರಿಕೆ.

ಪಾವಗಡದವನು
ಮಾತ್ರೆ ವಿಷಯ ಸಿಸ್ಟರ್ ಹೇಳಿದರು. ನಾನು ನೀರಿನ ಬಗ್ಗೆ ಮಾತ್ರ ಹೇಳುತ್ತೇನೆ.

ನಮ್ಮೂರಿಗೆ ಬನ್ನಿ. ಹಲ್ಲು ಕಂದು ಪಟ್ಟೆಯಾದ ಮಕ್ಕಳು, ನಲವತ್ತೈದಕ್ಕೇ ಬೆನ್ನು ಬಗ್ಗಿ, ಕುಕ್ಕರಗಾಲಲ್ಲಿ ಕೂರೋಕಾಗದ ಹೆಂಗಸರು. ಅದು ಫ್ಲೋರೈಡ್ ಮಾಡಿದ ಕೆಲಸ. ಬಂಡೆಯಲ್ಲಿರೋದು ನೀರಿಗೆ ಕರಗಿ ಬರುತ್ತೆ, ಯಾರೂ ತಂದು ಹಾಕಿದ್ದಲ್ಲ. ನೂರಕ್ಕೆ ನೂರು ನೈಸರ್ಗಿಕ! ಕುಡಿಯೋ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲ ಅಂದಾಗ 1.5ರವರೆಗೆ ಬಿಡುತ್ತಾರೆ. ಕೋಲಾರ ಜಿಲ್ಲೆಯಲ್ಲೂ ಇದೇ ಗೋಳು.

ಅಜ್ಜ 90 ಬದುಕಿದರು, ಒಪ್ಪಿದೆ. ಅಜ್ಜ ಕುಡಿದದ್ದು ಯಾವ ನೀರು ಅಂತ ಅಪ್ಪನನ್ನೇ ಕೇಳಿ. ತೆರೆದ ಬಾವಿಯದು, ಮೂವತ್ತು ನಲವತ್ತು ಅಡಿ, ಮಳೆ ಬಂದು ಕೆರೆ ತುಂಬಿದರೆ ಮೇಲೇರುತ್ತಿದ್ದ ನೀರು. ಈಗಿನ ಬೋರ್ ಸಾವಿರ ಅಡಿ ದಾಟಿದೆ. ತೋಟ ಅದೇ ಇರಬಹುದು, ನೀರು ಅದಲ್ಲ.

ಶಿರಾ ಮೇಷ್ಟ್ರು
ಸಿಸ್ಟರ್ ಹೇಳಿದ್ದು ಸರಿ, ಶ್ರೀಗಳ ಆಪರೇಷನ್ ನೆನಪಿದೆ. ಆದರೆ ಪಾವಗಡದವರೇ, ಆರ್‌ಓ ನೀರಲ್ಲಿ ಇರೋ ಲವಣ ಎಲ್ಲಾ ಹೋಗುತ್ತೆ ಅನ್ನೋದು ಸುಳ್ಳಾ? ಕ್ಯಾಲ್ಸಿಯಂ ಇಲ್ಲದ ನೀರು ಕುಡಿದು ಮೂಳೆ ಗಟ್ಟಿ ಇರುತ್ತಾ? ನಾನಂತೂ ಕಾಯಿಸಿ ಆರಿಸಿ ಕುಡಿಯುತ್ತೇನೆ.

ಪಾವಗಡದವನು
ಲವಣ ಹೋಗೋದು ನಿಜ, ಮೇಷ್ಟ್ರೇ. ಆದರೆ ಕ್ಯಾಲ್ಸಿಯಂ ಬೇಕು ಅಂತ ಯಾರಾದರೂ ನೀರು ಕುಡೀತಾರಾ? ನಿಮ್ಮ ತಟ್ಟೆಯಲ್ಲೇ ಇದೆಯಲ್ಲ. 100 ಗ್ರಾಂ ರಾಗಿ ಹಿಟ್ಟಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಜೊತೆಗೆ ಒಂದು ಲೋಟ ಮಜ್ಜಿಗೆ.

ಇನ್ನು ಕಾಯಿಸೋದು. ಕಾಯಿಸಿದರೆ ಕ್ರಿಮಿ ಸಾಯುತ್ತೆ, ಫ್ಲೋರೈಡ್ ಸಾಯಲ್ಲ. ನೀರು ಆವಿಯಾಗಿ ಕಮ್ಮಿ ಆದಷ್ಟೂ ಅದು ಇನ್ನೂ ದಟ್ಟ ಆಗುತ್ತೆ. ಸುಮ್ನೆ ಒಂದು ಬಾಟಲಿ ನೀರು ಟೆಸ್ಟ್ ಮಾಡಿಸಿ. ಪಂಚಾಯ್ತಿಯಲ್ಲಿ ಕೇಳಿ, ಆಗದಿದ್ದರೆ ಜಿಲ್ಲಾ ಲ್ಯಾಬ್‌ಗೆ ಕೊಡಿ.

ಬೆಂಗಳೂರು ಬಾಬು
ಎಲ್ಲಾ ಬಿಟ್ಟು ಮಿಲೆಟ್ ಕುಕೀಸ್ ತಿನ್ನಿ. ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಎಲ್ಲರೂ ಅದೇ.

ಶ್ರೀನಿವಾಸಪುರ ಅಕ್ಕ
ಬಾಬು ಅವರೇ, ಅದರಲ್ಲಿ ರಾಗಿ ಎಷ್ಟು, ಸಕ್ಕರೆ ಎಷ್ಟು ಅಂತ ಪ್ಯಾಕೆಟ್ ಹಿಂದೆ ಒಮ್ಮೆ ಓದಿ.

ನಮ್ಮತ್ತೆಗೆ 74, ಶುಗರ್ ಬಂದು ಹತ್ತು ವರ್ಷ. "ರಾಗಿಗೆ ಶುಗರ್ ಬರಲ್ಲ" ಅಂತ ಯಾರೋ ಹೇಳಿದ್ದಕ್ಕೆ ಹೊತ್ತಿಗೆ ಎರಡು ದೊಡ್ಡ ಮುದ್ದೆ ಹಾಕ್ತಿದ್ದರು. ಹೊಲದಲ್ಲಿ ದಿನಪೂರ್ತಿ ದುಡಿಯೋ ಕಾಲದ ಅಳತೆ ಅದು! ರಾಗಿಯಲ್ಲೂ ಹೆಚ್ಚಿನ ಪಾಲು ಪಿಷ್ಟವೇ ತಾನೇ. ಈಗ ಕಿತ್ತಳೆ ಗಾತ್ರದ ಒಂದು ಮುದ್ದೆ, ಅದರ ಎರಡರಷ್ಟು ಸೊಪ್ಪು, ಕಾಳು. ಊಟ ಆದಮೇಲೆ ಓಣಿಯಲ್ಲಿ ನಾಲ್ಕು ಸುತ್ತು. ಶುಗರ್ ಇಳಿಯಿತು, ಡಾಕ್ಟರೇ ಒಂದು ಮಾತ್ರೆ ಕಮ್ಮಿ ಮಾಡಿದರು. ನಾವಾಗಿ ಬಿಟ್ಟಿದ್ದಲ್ಲ.

ಸೊಪ್ಪಿನ ವಿಷಯಕ್ಕೆ ಬಂದರೆ ನನಗೆ ಹೊಟ್ಟೆ ಉರಿಯುತ್ತೆ. ಮಳೆ ಬಿದ್ದ ಮೇಲೆ ಅತ್ತೆ ಬದುವಿನ ಮೇಲೆ ಕೂತು ಬೆರಕೆ ಸೊಪ್ಪು ಕೊಯ್ಯೋರು. ಅಣ್ಣೆ, ಕನ್ನೆ, ಗೋಣಿ, ತಗಚೆ, ಇನ್ನೂ ನನಗೆ ಹೆಸರೇ ಗೊತ್ತಿಲ್ಲದ ಏಳೆಂಟು ತರ. ಅದರ ಬಸ್ಸಾರಿಗೆ ಸಮ ಯಾವುದೂ ಇಲ್ಲ. ಈಗ ಪಕ್ಕದಲ್ಲೇ ಟೊಮೆಟೊ ತೋಟ. ವಾರಕ್ಕೆ ಎರಡು ಸಲ ಔಷಧಿ ಹೊಡೀತಾರೆ, ಬದುವಿಗೆ ಕಳೆನಾಶಕ ಬೇರೆ. ಅತ್ತೆ ಹಳೇ ಅಭ್ಯಾಸದಂತೆ ಅಲ್ಲೇ ಕೊಯ್ಯೋಕೆ ಹೋಗ್ತಾರೆ, ನಾನು ಬೈದು ಕರಕೊಂಡು ಬರ್ತೀನಿ. ಈಗ ಹಿತ್ತಿಲಲ್ಲಿ ಬಚ್ಚಲು ನೀರು ಹರಿಯೋ ಕಡೆ ಒಂದು ನುಗ್ಗೆ ಮರ, ನಾಲ್ಕು ಮಡಿ ದಂಟು ಹಾಕಿಕೊಂಡಿದ್ದೇವೆ. ಅತ್ತೆಗೆ ದಿನಾ ಬಗ್ಗಿ ಎದ್ದು ಮಾಡೋಕೆ ಕೆಲಸವೂ ಆಯ್ತು.

ಚಿಂತಾಮಣಿ ಸಿಸ್ಟರ್
ಅಕ್ಕಾ, ಅತ್ತೆ ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆ ತಗೊಂಡು ಹತ್ತು ವರ್ಷ ಆಗಿದ್ದರೆ ಒಮ್ಮೆ ವಿಟಮಿನ್ ಬಿ12 ನೋಡಿಸಿ. ಆ ಮಾತ್ರೆಯಿಂದ ಬಿ12 ಕಮ್ಮಿ ಆಗುತ್ತೆ. ಸೊಪ್ಪಲ್ಲಿ ಅದು ಸಿಗಲ್ಲ, ಹಾಲು ಮೊಟ್ಟೆ ಮಾಂಸದಲ್ಲಿ ಮಾತ್ರ. ಕಾಲು ಜೋಮು ಅಂದರೆ ಅಸಡ್ಡೆ ಮಾಡಬೇಡಿ.

ಮಾಲೂರು ಹುಡುಗ
ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಬಿಪಿ ಮೆಷಿನ್ ತಗೊಂಡು ಹೋದೆ. ಮೊದಲು ನನ್ನದು ನೋಡಿಕೊಂಡೆ, ಆಮೇಲೆ ಅಮ್ಮನದು, ಕೊನೆಗೆ ಅಪ್ಪ ತಾವೇ ಕೈ ಚಾಚಿದರು. 178/104. ಐದು ನಿಮಿಷ ಬಿಟ್ಟು ಮತ್ತೆ ನೋಡಿದರೂ ಅಷ್ಟೇ. ಅಪ್ಪ ಏನೂ ಮಾತಾಡಲಿಲ್ಲ. ಸೋಮವಾರ ರಜೆ ಹಾಕಿ ಡಾಕ್ಟರ್ ಹತ್ತಿರ ಕರಕೊಂಡು ಹೋದೆ, ಮಾತ್ರೆ ಮತ್ತೆ ಶುರುವಾಗಿದೆ. ನಡಿಗೆ, ರಾತ್ರಿ ಬೇಗ ಊಟ ಶಿಬಿರದವರು ಹೇಳಿದ ಹಾಗೇ ಮುಂದುವರಿಸಲಿ ಅಂದರು ಡಾಕ್ಟರ್. ಅಪ್ಪನಿಗೆ ಅಷ್ಟು ಸಾಕಿತ್ತು, ದಾರಿಯುದ್ದಕ್ಕೂ ಅದನ್ನೇ ಹೇಳಿದರು. ಸೋರೆಕಾಯಿಗಳನ್ನು ಅಮ್ಮ ಹುಳಿಗೆ ಹಾಕಿ ಮುಗಿಸಿದ್ದಾಳೆ. ನೀರಿನ ವಿಷಯದಲ್ಲಿ ಇನ್ನೂ ಹಠ. ಆದರೆ ಅಜ್ಜನ ಬಾವಿ ಎಷ್ಟು ಅಡಿ ಇತ್ತು ಅಂತ ಕೇಳಿದಾಗ ಸ್ವಲ್ಪ ಯೋಚನೆ ಮಾಡಿದರು. ಬಾಟಲಿ ಲ್ಯಾಬ್‌ಗೆ ಕೊಟ್ಟಿದ್ದೇನೆ.

ಶಿರಾ ಮೇಷ್ಟ್ರು
ರಿಪೋರ್ಟ್ ಬಂದ ಮೇಲೆ ಇಲ್ಲೇ ಹಾಕಪ್ಪ. ಬಾಟಲಿ ಎಷ್ಟು ದೊಡ್ಡದು ಬೇಕು ಅದಕ್ಕೆ? ಒಂದು ಲೀಟರ್ ಸಾಕಾ?