ಸೆಪ್ಟೆಂಬರ್ ಕೊನೆಗೆ ಗ್ರೀಸ್, ಜೊತೆಗೆ ಅತ್ತೆ ಮಾವ. ಏನೇನು ತಯಾರಿ ಬೇಕು?

ಮೈಸೂರಿನ ಸೊಸೆ:

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಕೊನೆಯಲ್ಲಿ ಹತ್ತು ದಿನ ಗ್ರೀಸಿಗೆ ಹೋಗಬೇಕು ಅಂತಿದ್ದೇವೆ. ನಾನು, ಯಜಮಾನರು, ಅತ್ತೆ, ಮಾವ. ಅಥೆನ್ಸ್, ಆಮೇಲೆ ಮಿಕೊನೊಸ್, ಸ್ಯಾಂಟೊರಿನಿ, ಕ್ರೀಟ್ ದ್ವೀಪಗಳು ಅಂತ ಪ್ಲ್ಯಾನ್. ಮಾವನಿಗೆ 72 ವರ್ಷ, ಮಂಡಿ ನೋವಿದೆ. ಅತ್ತೆ ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟುವುದಿಲ್ಲ. ವೀಸಾಗೆ ಇನ್ನೂ ಅರ್ಜಿ ಹಾಕಿಲ್ಲ. ಊಟಕ್ಕೆ ಏನು ಮಾಡೋದು? ಇಂಗ್ಲಿಷ್ ನಡೆಯುತ್ತಾ? ತುಪ್ಪ, ಚಟ್ನಿಪುಡಿ, ಮೈಸೂರು ಪಾಕ್ ತೆಗೆದುಕೊಂಡು ಹೋಗಬಹುದಾ? ಅತ್ತೆ ಈಗಲೇ ಡಬ್ಬಗಳನ್ನು ತೊಳೆದಿಟ್ಟಿದ್ದಾರೆ.

ಟಿಕೆಟ್ ರಾಯ:

ಡಬ್ಬ ಆಮೇಲೆ, ಮೊದಲು ವೀಸಾ. ಗ್ರೀಸಿಗೆ ಬೇಕಾಗೋದು ಷೆಂಗೆನ್ ವೀಸಾ, ಯುರೋಪಿನ ಹಲವು ದೇಶಗಳಿಗೆ ಒಂದೇ. ಅದಕ್ಕೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ಬೇಸಿಗೆ ರಜೆ ಹತ್ತಿರ ಬಂದರೆ ಅಪಾಯಿಂಟ್‌ಮೆಂಟ್ ಸಿಗೋದು ಕಷ್ಟ. ಫೀಸು ದೊಡ್ಡವರಿಗೆ 90 ಯೂರೋ, ವೀಸಾ ಕೇಂದ್ರದ ಸರ್ವಿಸ್ ಚಾರ್ಜ್ ಬೇರೆ. ಟ್ರಾವೆಲ್ ಇನ್ಶೂರೆನ್ಸ್ ಕನಿಷ್ಠ 30,000 ಯೂರೋ ಕವರ್ ಇರಬೇಕು. ಮಾವನವರ ವಯಸ್ಸಿಗೆ ಪ್ರೀಮಿಯಂ ಜಾಸ್ತಿ ಬರುತ್ತದೆ, ಎರಡು ಮೂರು ಕಡೆ ವಿಚಾರಿಸಿ. ಕಾರು ಓಡಿಸುವವರು ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಳ್ಳಿ. ಅಲ್ಲಿ ಗಾಡಿಗಳು ಬಲಗಡೆ ಓಡುತ್ತವೆ.

ಕ್ರೀಟ್ ಕನ್ನಡಿಗ:

ಮೇಡಂ, ನಾನು ಕೆಲಸದ ಮೇಲೆ ಕ್ರೀಟ್‌ನ ಹೆರಾಕ್ಲಿಯನ್‌ನಲ್ಲಿದ್ದೇನೆ. ನಮ್ಮೂರಿಂದ ಬರುವವರೆಲ್ಲ ಇದೇ ಪಟ್ಟಿ ಹಿಡಿದುಕೊಂಡು ಬರುತ್ತಾರೆ, ಎಲ್ಲರಿಗೂ ಇದೇ ಹೇಳ್ತೀನಿ. ಮಿಕೊನೊಸ್, ಸ್ಯಾಂಟೊರಿನಿ ಎರಡನ್ನೂ ಬಿಡಿ. ಅಥೆನ್ಸ್ ಮೂರು ದಿನ, ಉಳಿದಿದ್ದೆಲ್ಲ ಕ್ರೀಟ್.

ಕಾರಣ ಹಡಗು. ನಾಲ್ಕು ಊರು ಅಂದರೆ ನಾಲ್ಕು ಸಲ ಲಗೇಜು ಕಟ್ಟಬೇಕು, ಬಂದರಿನಲ್ಲಿ ಬಿಸಿಲಿಗೆ ನಿಲ್ಲಬೇಕು. ಹಡಗು ಬಂತು ಅಂದರೆ ನೂರಾರು ಜನ ಒಟ್ಟಿಗೆ ನುಗ್ಗುತ್ತಾರೆ, ಒಳಗೆ ಕಡಿದಾದ ಮೆಟ್ಟಿಲು. ಮೆಲ್ಟೆಮಿ ಅನ್ನೋ ಗಾಳಿ ಜುಲೈ, ಆಗಸ್ಟಿನಲ್ಲಿ ಜೋರು, ಸೆಪ್ಟೆಂಬರ್ ಕೊನೆಗೆ ಇಳಿದಿರುತ್ತದೆ. ಆದರೂ ಗಾಳಿ ಎದ್ದ ದಿನ ಮೊದಲು ನಿಲ್ಲೋದು ಆ ಸಣ್ಣ ಹೈಸ್ಪೀಡ್ ದೋಣಿಗಳೇ. ಸ್ಯಾಂಟೊರಿನಿಯಲ್ಲಿ ಚಂದ ಇರೋದೆಲ್ಲ ಮೆಟ್ಟಿಲ ಮೇಲೇ ಇದೆ. ಮಂಡಿ ನೋವಿನವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಹೋಟೆಲಿನಲ್ಲಿ ಕೂರಿಸಬೇಡಿ.

ಅಥೆನ್ಸ್‌ನಿಂದ ಹೆರಾಕ್ಲಿಯನ್ನಿಗೆ ವಿಮಾನದಲ್ಲಿ ಒಂದು ಗಂಟೆ. ಅಥವಾ ಪಿರೇಯಸ್ ಬಂದರಿನಿಂದ ರಾತ್ರಿ ಹಡಗು. ಅದು ದೊಡ್ಡದು, ಕ್ಯಾಬಿನ್ ತೆಗೆದುಕೊಂಡರೆ ಮಲಗಿ ಬೆಳಿಗ್ಗೆ ಇಳಿಯಬಹುದು. ಅಥೆನ್ಸ್ ವಿಮಾನ ನಿಲ್ದಾಣದಿಂದ ಪಿರೇಯಸ್‌ಗೆ ಮೆಟ್ರೋ ನೇರವಾಗಿ ಹೋಗುತ್ತದೆ.

ಅಥೆನ್ಸ್‌ನಲ್ಲಿ ಗುಡ್ಡದ ಮೇಲೆ ಹಳೇ ದೇಗುಲಗಳಿರುವ ಆಕ್ರೊಪೊಲಿಸ್‌ಗೆ ಸಮಯ ನಿಗದಿ ಮಾಡಿದ ಟಿಕೆಟ್ ಮುಂಚೆಯೇ ಆನ್‌ಲೈನಿನಲ್ಲಿ ಕೊಳ್ಳಿ, ಬೆಳಗಿನ ಮೊದಲ ಹೊತ್ತಿನದೇ ಇರಲಿ. ನಡೆಯಲು ಆಗದವರಿಗೆ 2020ರಿಂದ ಅಲ್ಲಿ ಲಿಫ್ಟ್ ಇದೆ. ಎಲ್ಲರನ್ನೂ ಹತ್ತಿಸುವುದಿಲ್ಲ, ಆದ್ದರಿಂದ ಮುಂಚೆಯೇ ಕೇಳಿ, ಡಾಕ್ಟರ ಚೀಟಿ ಇಟ್ಟುಕೊಳ್ಳಿ. ಹಳೇ ಅಮೃತಶಿಲೆ ಕಲ್ಲು ಸವೆದು ನುಣ್ಣಗಾಗಿ ಜಾರುತ್ತದೆ, ಮಾವನವರಿಗೆ ಹಿಡಿತ ಇರುವ ಶೂ ಕೊಡಿಸಿ. ಕ್ರೀಟ್‌ನಲ್ಲಿ ಸಮಾರಿಯಾ ಕಣಿವೆಗೆ ಹೋಗಿ ಅಂತ ಯಾರಾದರೂ ಹೇಳಿದರೆ ಸುಮ್ನೆ ತಲೆಯಾಡಿಸಿ. ಅದು 16 ಕಿಲೋಮೀಟರ್ ಇಳಿಜಾರು. ಕ್ನೋಸೊಸ್ ಅನ್ನೋ ಪುರಾತನ ಅರಮನೆಯ ಅವಶೇಷ ಹೆರಾಕ್ಲಿಯನ್ನಿನಿಂದ 5 ಕಿಲೋಮೀಟರ್, ಸಿಟಿ ಬಸ್ಸೇ ಹೋಗುತ್ತದೆ. ನೆರಳು ಕಡಿಮೆ, ಟೋಪಿ ಬೇಕು.

ಈಗ ಊಟ. ಅತ್ತೆಯವರಿಗೆ ಕಲಿಸಬೇಕಾದ ಪದ 'ನಿಸ್ತಿಸಿಮೊ'. ಇಲ್ಲಿನ ಕ್ರೈಸ್ತರು ಉಪವಾಸದ ದಿನಗಳಲ್ಲಿ ತಿನ್ನುವ ಅಡುಗೆ ಅದು. ಮಾಂಸ, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ. ಆದರೆ ಸಿಗಡಿ, ಸ್ಕ್ವಿಡ್ ಅವರ ಉಪವಾಸಕ್ಕೆ ನಡೆಯುತ್ತದೆ! ಅದನ್ನೂ ಬೇಡ ಅಂತ ಬಾಯಿಬಿಟ್ಟು ಹೇಳಲೇಬೇಕು. 'ಗಿಗಾಂತೆಸ್' ಅಂದರೆ ಟೊಮೆಟೊದಲ್ಲಿ ಬೇಯಿಸಿದ ದೊಡ್ಡ ಅವರೆ ಥರದ ಕಾಳು. 'ಫಾವಾ' ಹಳದಿ ಬೇಳೆಯದು, ಮಾವನವರಿಗೆ ಹಿಡಿಸುತ್ತದೆ. 'ಹೋರ್ತಾ' ಬೇಯಿಸಿದ ಸೊಪ್ಪು, ಎಣ್ಣೆ ಮತ್ತು ನಿಂಬೆರಸ ಹಾಕಿರುತ್ತಾರೆ. 'ಗೆಮಿಸ್ತಾ' ಅನ್ನ ತುಂಬಿದ ಟೊಮೆಟೊ, ಕೆಲವು ಕಡೆ ಕೈಮಾ ಸೇರಿಸುತ್ತಾರೆ, ಕೇಳಿ. ಫೆಟಾ ಚೀಸಿಗೆ ಪ್ರಾಣಿಯ ರೆನೆಟ್, ಅಂದರೆ ಮರಿಗಳ ಹೊಟ್ಟೆಯಿಂದ ತೆಗೆದ ಹಾಲು ಹೆಪ್ಪುಗಟ್ಟಿಸುವ ವಸ್ತು, ಬಳಸುವುದು ಸಾಮಾನ್ಯ. ಇದು ಅತ್ತೆಯವರಿಗೆ ತಿಳಿದಿರಲಿ, ಆಮೇಲೆ ಅವರಿಷ್ಟ. ಊಟದ ಕೊನೆಗೆ ಸಣ್ಣ ಬಾಟಲಿಯಲ್ಲಿ ಬಣ್ಣವಿಲ್ಲದ ಏನೋ ಬರುತ್ತದೆ, ದುಡ್ಡಿಲ್ಲದೆ. ಅದು ರಾಕಿ, ಇಲ್ಲಿನ ಖಡಕ್ ಮದ್ಯ. ನೀರು ಅಂದುಕೊಂಡು ಮಾವ ಗಟಗಟ ಕುಡಿಯದಿರಲಿ.

ತುಪ್ಪ, ಮೈಸೂರು ಪಾಕ್, ಪೇಡ ಬೇಡ. ಹೊರಗಿನ ದೇಶಗಳಿಂದ ಹಾಲಿನ ಪದಾರ್ಥ, ಮಾಂಸ ತರುವುದನ್ನು ಯುರೋಪಿಯನ್ ಯೂನಿಯನ್ ನಿಷೇಧಿಸಿದೆ. ಹಸಿ ಕರಿಬೇವೂ ಬೇಡ. ಚಟ್ನಿಪುಡಿ, ಅವಲಕ್ಕಿ ಧಾರಾಳವಾಗಿ ತನ್ನಿ.

ಮೈಸೂರಿನ ಸೊಸೆ:

ಅಯ್ಯೋ, ಮೈಸೂರು ಪಾಕ್ ಇಲ್ಲವಾ! ಅತ್ತೆಗೆ ಹೇಳೋದು ಹೇಗೆ? ಸ್ಯಾಂಟೊರಿನಿ ಬಿಡಲು ಯಜಮಾನರು ಒಪ್ಪುತ್ತಿಲ್ಲ. ಇಂಗ್ಲಿಷ್ ಬಗ್ಗೆ ಯಾರೂ ಹೇಳಲಿಲ್ಲ.

ಕಡಲ ಕಾಗೆ:

ಯಜಮಾನರ ಪರ ನನ್ನದೊಂದು ಓಟು. ಕ್ರೀಟ್‌ನಿಂದ ಸೀಸನ್ನಿನಲ್ಲಿ ಸ್ಯಾಂಟೊರಿನಿಗೆ ದಿನದ ಟ್ರಿಪ್ ಇರುತ್ತದೆ, ಹೆರಾಕ್ಲಿಯನ್ನಿನಿಂದ ಎರಡು ಗಂಟೆ ಚಿಲ್ಲರೆ. ನೀವಿಬ್ಬರೇ ಹೋಗಿ ಬನ್ನಿ. ಹಿರಿಯರು ಆ ದಿನ ಆರಾಮಾಗಿ ಇರಲಿ. ಇಂಗ್ಲಿಷ್ ಪ್ರವಾಸಿ ಊರುಗಳಲ್ಲೆಲ್ಲ ನಡೆಯುತ್ತದೆ. ಒಳನಾಡಿನ ಹಳ್ಳಿಗಳ ಮುದುಕರ ಹತ್ತಿರ 'ಕಲಿಮೇರಾ' (ಶುಭೋದಯ) ಅಂದು ನೋಡಿ, ಕುರ್ಚಿ ಎಳೆದು ಕೂರಿಸುತ್ತಾರೆ.

ಕ್ರೀಟ್ ಕನ್ನಡಿಗ:

ದಿನದ ಟ್ರಿಪ್ ಸರಿ, ಅದಕ್ಕೆ ನನ್ನ ತಕರಾರಿಲ್ಲ. ಟಿಕೆಟ್ ಮಾತ್ರ ಊರಿಗೆ ವಾಪಸ್ ಹೊರಡುವ ಹಿಂದಿನ ದಿನಕ್ಕೆ ಮಾಡಿಸಬೇಡಿ.

ಅಡುಗೆಮನೆ ಇರುವ ಮನೆಯನ್ನೇ ಬಾಡಿಗೆಗೆ ತೆಗೆದುಕೊಳ್ಳಿ. ಬುಕಿಂಗ್ ದುಡ್ಡಿನ ಮೇಲೆ ಸರ್ಕಾರದ ದಿನದ ಶುಲ್ಕ ಬೇರೆ ಇರುತ್ತದೆ. 2025ರಲ್ಲಿ ಸೀಸನ್ ದರ 3 ಸ್ಟಾರ್ ಹೋಟೆಲಿನ ರೂಮಿಗೆ ರಾತ್ರಿಗೆ 5 ಯೂರೋ ಇತ್ತು, ಇಂಥ ಬಾಡಿಗೆ ಮನೆಗೆ 8. ಸೂಪರ್‌ಮಾರ್ಕೆಟ್ ಹೆಚ್ಚಿನ ಕಡೆ ಭಾನುವಾರ ಬಾಗಿಲು, ಶನಿವಾರವೇ ಸಾಮಾನು ತನ್ನಿ. 'ಕರೋಲಿನಾ' ಅಥವಾ 'ಗ್ಲಾಸೆ' ಅಕ್ಕಿ ತೆಗೆದುಕೊಳ್ಳಿ, ಮುದ್ದೆಯಾಗುತ್ತದೆ, ಮೊಸರನ್ನಕ್ಕೆ ಚೆನ್ನ. ಮೊಸರು ಕುರಿ ಹಾಲಿನದೂ ಇರುತ್ತದೆ, ಡಬ್ಬದ ಮೇಲಿನ ಚಿತ್ರ ನೋಡಿ ಹಸುವಿನದು ಆರಿಸಿ.

ಇನ್ನೊಂದು. ಇಲ್ಲಿನ ಪೈಪು ಸಣ್ಣದು, ಟಾಯ್ಲೆಟ್ ಪೇಪರನ್ನು ಕಮೋಡಿಗೆ ಹಾಕುವಂತಿಲ್ಲ, ಪಕ್ಕದ ಬುಟ್ಟಿಗೆ ಹಾಕಬೇಕು. ಜೆಟ್ ಇರುವುದಿಲ್ಲ. ಒಂದು ಪ್ಲಾಸ್ಟಿಕ್ ಮಗ್ ಸೂಟ್‌ಕೇಸಿಗೆ ಹಾಕಿಕೊಳ್ಳಿ. ತೊಳೆದಿಟ್ಟ ಡಬ್ಬಗಳಿಗಿಂತ ಅದರ ಉಪಯೋಗ ಜಾಸ್ತಿ.