ಹಾಲು ಕರೆಯುವ ಮಷಿನ್ ಹಾಕಿದ ಮೇಲೆ ಹಾಲೂ ಕಡಿಮೆ, ಫ್ಯಾಟೂ ಕಡಿಮೆ. ಏನು ಕಾರಣ?

ಗೋದಲಿ: ಎಂಟು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸುಗಳಿಗೆ ಒಂದು ಬಕೆಟ್ ಮಷಿನ್. ಕೈಯಲ್ಲಿ ಕರೆಯುವಾಗ 3.8 ಬರುತ್ತಿದ್ದ ಫ್ಯಾಟ್ ಈಗ 3.3. ಹೊತ್ತಿಗೆ ಹಸುವೊಂದಕ್ಕೆ ಅರ್ಧ ಲೀಟರ್ ಖೋತಾ. ಎರಡು ಹಸುಗಳ ತೊಟ್ಟಿನ ತುದಿ ಒರಟಾಗಿದೆ. ಮೇವು, ಹಿಂಡಿ ಬದಲಾಗಿಲ್ಲ. ವ್ಯಾಕ್ಯೂಮ್ (ಹಾಲು ಹೀರುವ ಒತ್ತಡ) ತೋರಿಸುವ ಗೇಜ್ 380 ಎಂಎಂ ತೋರಿಸುತ್ತಿದೆ.

ಕೆಚ್ಚಲು_ವೈದ್ಯ: 380 ಜಾಸ್ತಿಯಾಯಿತು. ರೆಗ್ಯುಲೇಟರ್ ತಿರುಗಿಸಿ 320–340ಕ್ಕೆ ತನ್ನಿ. ವ್ಯಾಕ್ಯೂಮ್ ಹೆಚ್ಚಾದರೆ ಕೊನೆಕೊನೆಗೆ ತೊಟ್ಟಿಗೆ ಹಾಕಿದ ಕಪ್ ಮೇಲೆ ಹತ್ತಿ ತೊಟ್ಟಿನ ಬುಡವನ್ನೇ ಹಿಸುಕುತ್ತದೆ. ಒಳಗೆ ಹಾಲಿದ್ದರೂ ಇಳಿಯಲ್ಲ. ಕೊಬ್ಬು ಹೆಚ್ಚಿರುವುದೇ ಆ ಕೊನೆಯ ಹಾಲಿನಲ್ಲಿ, ಫ್ಯಾಟ್ ಬೀಳುವುದು ಅದಕ್ಕೇ. ಹಾಲಿನ ಹರಿವು ತೆಳುವಾದಾಗ ಕ್ಲಾ (ನಾಲ್ಕೂ ಕಪ್ ಕೂಡುವ ಭಾಗ) ಮೇಲೆ ಕೈಯಿಟ್ಟು ಮೆಲ್ಲಗೆ ಕೆಳಗೆ ಒತ್ತಿ, ಉಳಿದದ್ದು ಬರುತ್ತದೆ. ನಿಂತ ಮೇಲೂ ಕಪ್ ಬಿಟ್ಟಿದ್ದರೆ ತೊಟ್ಟಿನ ತುದಿ ಒರಟಾಗುವುದು ಖಂಡಿತ. ಮೊದಲು ವ್ಯಾಕ್ಯೂಮ್ ಮುಚ್ಚಿ, ಕಪ್ ಸಡಿಲವಾದ ಮೇಲೆ ತೆಗೆಯಿರಿ. ಎಳೆದು ಕೀಳಬೇಡಿ.

ಸೊರೆ ಬಿಡಿಸುವುದೂ, ಅಂದರೆ ಹಸು ತಾನಾಗಿ ಹಾಲು ಇಳಿಸುವಂತೆ ಮಾಡುವುದೂ ಮುಖ್ಯ. ಕೆಚ್ಚಲು ಒರೆಸಿ, ನಾಲ್ಕೂ ತೊಟ್ಟಿನಿಂದ ಮೂರು ಸಲ ಕಪ್ಪು ಬಟ್ಟಲಿಗೆ ಹಿಂಡಿ ನೋಡಿ. ಶುರು ಮಾಡಿ ಒಂದು, ಒಂದೂವರೆ ನಿಮಿಷದೊಳಗೆ ಕಪ್ ಹಾಕಿ. ಎಂಟನ್ನೂ ಒಟ್ಟಿಗೆ ತೊಳೆದಿಟ್ಟು ಒಂದೊಂದಾಗಿ ಕರೆಯುವ ಅಭ್ಯಾಸವಿದ್ದರೆ ಕೊನೆಯ ಹಸುವಿನ ಸೊರೆ ಅಷ್ಟರಲ್ಲಿ ಇಳಿದುಹೋಗಿರುತ್ತದೆ.

ಪಲ್ಸೇಟರ್: ಲೈನರ್ (ಕಪ್ಪೊಳಗಿನ ರಬ್ಬರ್ ಕೊಳವೆ) ಎಷ್ಟು ಹಳೆಯದು? ರಬ್ಬರ್ ಲೈನರ್‌ಗೆ ಸುಮಾರು 2500 ಕರಾವು ಅಂತ ಲೆಕ್ಕ. ಎಂಟು ಹಸು, ಎರಡು ಹೊತ್ತು ಅಂದರೆ ಐದು ತಿಂಗಳು. ಕಪ್ಪೊಳಗೆ ಹೆಬ್ಬೆರಳಿಟ್ಟು ಮಿಡಿತ ಎಣಿಸಿ: ನಿಮಿಷಕ್ಕೆ 60ರ ಆಸುಪಾಸು ಇರಬೇಕು. ಕರೆಯುವಾಗ ‘ಚುರ್ರ್’ ಅಂತ ಸದ್ದು ಬಂದರೆ ಲೈನರ್ ಜಾರಿ ಗಾಳಿ ನುಗ್ಗಿದೆ. ಆ ರಭಸಕ್ಕೆ ಹಾಲಿನ ಹನಿ ವಾಪಸ್ ತೊಟ್ಟಿನೊಳಗೇ ಚಿಮ್ಮುತ್ತದೆ. ಕೆಚ್ಚಲು ಬಾವು ಒಂದು ಭಾಗದಿಂದ ಇನ್ನೊಂದಕ್ಕೆ ದಾಟುವ ದಾರಿಗಳಲ್ಲಿ ಇದೂ ಒಂದು. ಒರಟು ತೊಟ್ಟಿನ ಆ ಎರಡಕ್ಕೂ ಸಿಎಂಟಿ (ಕೆಚ್ಚಲು ಬಾವು ಪತ್ತೆಯ ಪರೀಕ್ಷೆ) ಮಾಡಿಸಿ. ಹಾಲಿಗೆ ಸಮ ಪ್ರಮಾಣದ ದ್ರಾವಣ ಹಾಕಿ ಹತ್ತು ಸೆಕೆಂಡ್ ತಿರುಗಿಸಿದಾಗ ಲೋಳೆಯಾದರೆ ಆ ಹಸುವನ್ನು ಕೊನೆಗೆ ಕರೆಯಿರಿ.

ಗೋದಲಿ: ಲೈನರ್ ಹಾಕಿ ಎಂಟು ತಿಂಗಳು. ತೊಳೆಯುವುದು ಕುದಿಯುವ ನೀರಿನಲ್ಲೇ.

ಕೆಚ್ಚಲು_ವೈದ್ಯ: ನಾಲ್ಕೂ ಲೈನರ್ ಒಟ್ಟಿಗೇ ಬದಲಿಸಿ. ಮೊದಲ ನೀರು ಉಗುರುಬೆಚ್ಚಗಿರಲಿ. ಕುದಿ ನೀರಿಗೆ ಹಾಲಿನ ಪ್ರೋಟೀನ್ ಪೈಪಿಗೆ ಕಚ್ಚಿಕೊಳ್ಳುತ್ತದೆ. ಆಮೇಲೆ 60–70 ಡಿಗ್ರಿ ನೀರಲ್ಲಿ ಕ್ಷಾರದ ಪುಡಿ, ವಾರಕ್ಕೊಮ್ಮೆ ಆಮ್ಲ. ಎರಡನ್ನೂ ಬೆರೆಸಬಾರದು.

ರಸಮೇವು: ಮಷಿನ್ ಕೂಲಿ ಉಳಿಸುತ್ತದೆ, ಹಾಲು ಹೆಚ್ಚಿಸಲ್ಲ. ಮಾರುವವರು ಹೇಳುವುದು ಬೇರೆ, ಬಿಡಿ. ಹಾಲು ಏರಬೇಕಿದ್ದರೆ ಕೊಟ್ಟಿಗೆಯಲ್ಲಿ ಇಡೀ ದಿನ ನೀರು ಸಿಗುವ ತೊಟ್ಟಿ ಮಾಡಿಸಿ. ಲೀಟರ್ ಹಾಲಿಗೆ ನಾಲ್ಕೈದು ಲೀಟರ್ ನೀರು ಬೇಕು. ಎರಡು ಹೊತ್ತು ಬಕೆಟ್‌ನಲ್ಲಿ ಇಟ್ಟರೆ ಸಾಲದು.