ಪದಚರ್ಚೆ: ಕಾದಂಬರಿಯ ಮೊದಲ ಪುಟಗಳು ‘ಎಳೆಯುತ್ತವೆ’ ಎಂದರೆ ಹೊಗಳಿಕೆಯೋ ತೆಗಳಿಕೆಯೋ?

ಎಲ್ಲರಿಗೂ ನಮಸ್ಕಾರ.

ಹಸ್ತಪ್ರತಿಗಳನ್ನು ಓದಿ ಅಭಿಪ್ರಾಯ ಬರೆದುಕೊಡುವ ಕೆಲಸದ ನಡುವೆ ಎದ್ದ ಪ್ರಶ್ನೆ ಇದು. ಹೊಸ ಕಾದಂಬರಿಕಾರರೊಬ್ಬರಿಗೆ ‘ಮೊದಲ ಅಧ್ಯಾಯವನ್ನು ಬಹಳ ಎಳೆದಿದ್ದೀರಿ’ ಎಂದು ಬರೆದಿದ್ದೆ. ‘ಓದುಗರನ್ನು ಎಳೆಯಬೇಕು ಎಂದು ತಾನೇ ಎಲ್ಲರೂ ಹೇಳುವುದು?’ ಎಂದು ಅವರು ಕೇಳಿದರು. ಅದು ಕೊಂಕಲ್ಲ, ನಿಜವಾದ ಅನುಮಾನ. ಕತೆಯನ್ನು ಎಳೆದರೆ ಬೈಗುಳ, ಓದುಗರನ್ನು ಎಳೆದರೆ ಶಹಬ್ಬಾಸ್. ಕರ್ಮಪದ ಬದಲಾದೊಡನೆ ಅರ್ಥ ತಲೆಕೆಳಗಾಗುತ್ತದೆ. ಕರ್ಮಪದವನ್ನೇ ಬಿಟ್ಟು ‘ಶುರುವಿನಲ್ಲಿ ಎಳೆಯುತ್ತದೆ’ ಎಂದರಂತೂ ಕೇಳಿದವರು ತಮಗೆ ಬೇಕಾದ ಅರ್ಥ ಮಾಡಿಕೊಳ್ಳಬಹುದು.

ಕಾದಂಬರಿಯ ಆರಂಭ ಓದುಗರನ್ನು ಹಿಡಿಯಿತು ಅಥವಾ ಕಳೆದುಕೊಂಡಿತು ಎನ್ನುವುದಕ್ಕೆ ನಮ್ಮಲ್ಲಿ ಚಾಲ್ತಿಯಲ್ಲಿರುವ ಮಾತುಗಳು ಯಾವುವು, ಅವುಗಳಲ್ಲಿ ಯಾವುದು ನಿಖರ ಎಂಬುದು ನನ್ನ ಪ್ರಶ್ನೆ. ನನಗೆ ತೋಚಿದ್ದನ್ನು ಮೊದಲು ಹೇಳಿಬಿಡುತ್ತೇನೆ.

ಕಥಾ ಕಮ್ಮಟಗಳಲ್ಲಿ ಈಗ ‘ಹುಕ್’ ಎಂಬ ಮಾತು ಓಡಾಡುತ್ತಿದೆ. ಮೊದಲ ಸಾಲಿನಲ್ಲೇ ಹುಕ್ ಇರಬೇಕಂತೆ. ಇದನ್ನು ಕೊಕ್ಕೆ ಎಂದು ಕನ್ನಡಕ್ಕೆ ತಂದರೆ ಕೆಲಸ ಕೆಟ್ಟಿತು. ನಮ್ಮಲ್ಲಿ ಕೊಕ್ಕೆ ಹಾಕುವುದು ಎಂದರೆ ಆಗುವ ಕೆಲಸಕ್ಕೆ ಅಡ್ಡಿ ಮಾಡುವುದು. ಕಚೇರಿಯಲ್ಲಿ ಕಡತ ಮುಂದೆ ಹೋಗದಂತೆ ಯಾರೋ ಕೊಕ್ಕೆ ಹಾಕಿರುತ್ತಾರೆ. ಗಾಳ ಹಾಕುವುದು ಎಂದರೆ ಆಸೆ ತೋರಿಸಿ ಮೋಸಕ್ಕೆ ಕೆಡವುವುದು. ಇವೆರಡರಲ್ಲೂ ಎದುರಿಗಿರುವವನ ಮೇಲೆ ಗೌರವವಿಲ್ಲ. ಹುಕ್ ಎಂಬ ಪದವನ್ನು ಅಕ್ಷರಶಃ ನಂಬಿದವರು ಬರೆಯುವ ಆರಂಭವೂ ಅದೇ ಬಗೆಯದು: ಮೊದಲ ಸಾಲಿನಲ್ಲಿ ಒಂದು ಹೆಣ, ಇಲ್ಲವೇ ಮಧ್ಯರಾತ್ರಿಯ ಫೋನ್ ಕರೆ, ಇಲ್ಲವೇ ಘಾಟಿಯಲ್ಲಿ ಉರುಳಿದ ಬಸ್. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ‘ಇಪ್ಪತ್ತು ವರ್ಷಗಳ ಹಿಂದೆ’ ಎಂದು ಕತೆ ಹಿಂದಕ್ಕೆ ಓಡಿರುತ್ತದೆ. ಸತ್ತವನು ಯಾರೆಂದೇ ತಿಳಿಯದಿರುವಾಗ ಅವನ ಸಾವಿನಿಂದ ನನಗೇನು?

‘ಕುತೂಹಲ ಕೆರಳಿಸುವ ಆರಂಭ’ ಎಂಬ ಮಾತು ವಿಮರ್ಶೆಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಕೆರಳುವುದು ಸಿಟ್ಟು, ಹುಣ್ಣು, ಹಾವು. ಕುತೂಹಲಕ್ಕೆ ಈ ಗತಿ ಯಾಕೆ ಬಂತೋ ಗೊತ್ತಿಲ್ಲ. ಅದನ್ನು ಬಿಡೋಣ.

ಇನ್ನು ‘ಓದಿಸಿಕೊಂಡು ಹೋಗುತ್ತದೆ’. ಇದು ಅಪ್ಪಟ ನಮ್ಮದು, ಅದರ ವ್ಯಾಕರಣವೂ ಸೊಗಸಾಗಿದೆ. ಓದು ಎಂಬುದು ಓದಿಸು ಆಯಿತು, ಅದಕ್ಕೆ ‘ಕೊಳ್ಳು’ ಸೇರಿ ಓದಿಸಿಕೊಳ್ಳು ಆಯಿತು. ಬೈಸಿಕೊಳ್ಳು, ಹೊಡೆಸಿಕೊಳ್ಳು, ಹೊಗಳಿಸಿಕೊಳ್ಳು ಎಂಬವುಗಳ ಸಾಲಿಗೇ ಇದೂ ಸೇರುತ್ತದೆ. ಬೈಸಿಕೊಂಡವನು ಬೈದವನಲ್ಲ, ಆದರೂ ಬೈಗುಳವನ್ನು ತನ್ನ ಮೇಲೆ ತಂದುಕೊಂಡವನು ಅವನೇ. ಹಾಗೆಯೇ ಪುಸ್ತಕ ತಾನಿದ್ದಲ್ಲೇ ಇದ್ದು ನಮ್ಮ ಕೈಯಿಂದ ಓದಿಸಿಕೊಳ್ಳುತ್ತದೆ. ಗಾಳದ ಬಲಾತ್ಕಾರ ಇದರಲ್ಲಿಲ್ಲ. ಆದರೆ ಕೊನೆಯಲ್ಲಿ ಬರುವ ‘ಹೋಗು’ ಗಮನಿಸಿ. ಓದು ಆಗಲೇ ಹೊರಟು ದಾರಿಯಲ್ಲಿದೆ, ನಿಲ್ಲದೆ ಸಾಗುತ್ತಿದೆ ಎಂದು ಅದರ ಅರ್ಥ. ಹೊರಡಿಸಿದ್ದು ಯಾವುದು ಎಂಬುದು ಆ ಮಾತಿನೊಳಗಿಲ್ಲ. ಹಾಗಾಗಿ ಮೊದಲ ಹತ್ತು ಪುಟಗಳ ಗುಣ ಹೇಳಲು ಅದು ಸಾಲುವುದಿಲ್ಲ ಎಂದು ನನ್ನ ಅನಿಸಿಕೆ. ಪುಸ್ತಕದ ಬಗ್ಗೆ ಬೇರೇನೂ ಹೇಳಲು ತೋಚದಿದ್ದಾಗ ಬಳಸುವ ಸಭ್ಯ ಮಾತಾಗಿಯೂ ಅದು ಸವೆದುಹೋಗಿದೆ.

ಆರಂಭಕ್ಕೆಂದೇ ಇರುವ ಪದ ಪೀಠಿಕೆ. ಅದರ ಪಾಡೂ ಎಳೆಯುವುದರ ಪಾಡಿನಂತೆಯೇ ಆಗಿದೆ. ಯಕ್ಷಗಾನದ ಪ್ರಸಂಗವನ್ನು ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ತಾಳಮದ್ದಲೆಯಲ್ಲಿ ಅರ್ಥಧಾರಿಯ ಪೀಠಿಕೆ ಎಂದರೆ ಪಾತ್ರ ತನ್ನನ್ನೂ ತಾನಿರುವ ಸಂದರ್ಭವನ್ನೂ ಸಭೆಯ ಮುಂದಿಡುವ ಮೊದಲ ಮಾತು. ‘ಇವತ್ತು ಕರ್ಣನ ಪೀಠಿಕೆ ಚೆನ್ನಾಗಿತ್ತು’ ಎಂದು ಕೇಳಿದವರು ಮಾರನೆಯ ದಿನವೂ ನೆನೆಯುತ್ತಾರೆ. ಮನೆಯಲ್ಲಿ ಮಾತ್ರ ‘ಪೀಠಿಕೆ ಹಾಕಬೇಡ, ವಿಷಯಕ್ಕೆ ಬಾ’. ಒಂದೇ ಪದ ಒಂದು ಕಡೆ ಕಲೆ, ಇನ್ನೊಂದು ಕಡೆ ಕಾಲಹರಣ. ಕುಮಾರವ್ಯಾಸನ ಪೀಠಿಕಾ ಸಂಧಿ ಓದಿದರೆ ಎರಡೂ ಯಾಕೆ ನಿಜ ಎಂದು ತಿಳಿಯುತ್ತದೆ. ‘ಅರಸುಗಳಿಗಿದು ವೀರ, ದ್ವಿಜರಿಗೆ ಪರಮ ವೇದದ ಸಾರ’ ಎಂದು ಶುರುಮಾಡಿ ಯೋಗಿಗಳಿಗೆ ಏನು, ಮಂತ್ರಿಗಳಿಗೆ ಏನು, ವಿರಹಿಗಳಿಗೆ ಏನು ಎಂದು ಅವನು ಒಬ್ಬೊಬ್ಬರಿಗೂ ಅವರವರ ಪಾಲನ್ನು ತೋರಿಸುತ್ತಾನೆ. ಇವತ್ತು ಆ ಕೆಲಸ ಬೆನ್ನುಡಿಗೆ ಹೋಗಿದೆ. ನಮ್ಮ ಮುನ್ನುಡಿಗಳಾದರೋ ಹಿರಿಯರ ಹರಕೆಯಿಂದ ಶುರುವಾಗಿ, ನಾಲ್ಕನೆಯ ಪುಟದಲ್ಲಿ ಕತೆಯ ಕೊನೆಯನ್ನೇ ಹೇಳಿಬಿಡುತ್ತವೆ. ಕಾದಂಬರಿಕಾರ ಮೊದಲ ವಾಕ್ಯ ಬರೆಯುವ ಮುಂಚೆಯೇ ಓದುಗನನ್ನು ಕಳೆಯುವ ಈ ಏರ್ಪಾಡಿಗೆ ಒಂದು ಪದ ಹುಟ್ಟಿಸಿದರೂ ತಪ್ಪಿಲ್ಲ.

ಆರಂಭದಲ್ಲಿ ಓದುಗರನ್ನು ಕಳೆದುಕೊಳ್ಳುವುದು ಹೇಗೆಂದು ತೋರಿಸಲು ಮುದ್ದಣನ ರಾಮಾಶ್ವಮೇಧಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಅದು ಕಾದಂಬರಿಯಲ್ಲ, ನಿಜ. ಆದರೆ ನಂದಳಿಕೆಯ ಲಕ್ಷ್ಮೀನಾರಣಪ್ಪ ಮುದ್ದಣ ಎಂಬ ಹೆಸರಿನಲ್ಲಿ ಅದನ್ನು ಬರೆದದ್ದು ಕನ್ನಡದ ಮೊದಮೊದಲ ಕಾದಂಬರಿಗಳಲ್ಲಿ ಒಂದಾದ ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿ ಅಚ್ಚಾದ 1899ರ ಆಸುಪಾಸಿನಲ್ಲೇ. ಮಳೆಗಾಲದ ಸಂಜೆ, ಹೊತ್ತು ಹೋಗದ ಮನೋರಮೆ ಗಂಡ ಮುದ್ದಣನ ಬಳಿ ಕತೆ ಕೇಳುತ್ತಾಳೆ. ಪದ್ಯವೋ ಗದ್ಯವೋ ಎಂಬ ಮಾತು ಬಂದಾಗ ‘ಪದ್ಯಂ ವಧ್ಯಂ, ಗದ್ಯಂ ಹೃದ್ಯಂ’ ಎಂದು ತೀರ್ಪು ಕೊಡುತ್ತಾಳೆ. ಒಪ್ಪಿಕೊಂಡ ಮುದ್ದಣ ‘ಸ್ವಸ್ತಿ ಶ್ರೀಮತ್ಸುರಾಸುರೇಂದ್ರ’ ಎಂದು ಉಸಿರುಗಟ್ಟುವ ಸಂಸ್ಕೃತ ಸಮಾಸ ಹೊರಡಿಸುತ್ತಾನೆ. ಅವಳು ಅಲ್ಲೇ ತಡೆಯುತ್ತಾಳೆ: ‘ನೀರಿಳಿಯದ ಗಂಟಲೊಳ್ ಕಡುಬಂ ತುರುಕಿದಂತಾಯ್ತು.’ ಮುದ್ದಣ ವಾದ ಮಾಡಿ ಗೆಲ್ಲುವುದಿಲ್ಲ. ದಾರಿ ಬದಲಿಸಿ ತಿರುಳ್ಗನ್ನಡದ, ಅಂದರೆ ಅಚ್ಚಗನ್ನಡದ, ಕಡೆ ತಿರುಗುತ್ತಾನೆ. ಕೇಳುವವಳಿಗೆ ಕತೆ ಬೇಡವೆಂದಿಲ್ಲ, ಹಟ ಮಾಡಿ ಕೇಳಿದವಳೇ ಅವಳು. ಕತೆಗಾರ ಗಂಟಲನ್ನು ನೋಡದೆ ಕಡುಬನ್ನು ನೋಡಿಕೊಂಡದ್ದು ಅವಳ ದೂರು.

ನನ್ನ ಮುಂದಿದ್ದ ಹಸ್ತಪ್ರತಿಯ ತೊಂದರೆಯೂ ಅದೇ. ಮೊದಲ ಪ್ಯಾರಾದಲ್ಲಿ ಬಾಲಸೂರ್ಯ ಹೊಂಗಿರಣ ಚೆಲ್ಲಿದ್ದ, ಹಕ್ಕಿಗಳು ಚಿಲಿಪಿಲಿಗುಟ್ಟಿದ್ದವು. ಎರಡನೆಯದರಲ್ಲಿ ಊರಿನ ಚರಿತ್ರೆ. ಮೂರನೆಯದರಲ್ಲಿ ಪಟೇಲರ ಅಜ್ಜ, ಅಜ್ಜನ ಇಬ್ಬರು ಹೆಂಡಿರು, ಅವರ ಮಕ್ಕಳು, ಸೊಸೆಯರು, ದಾಯಾದಿಗಳು, ಎಲ್ಲರೂ ಹೆಸರು ಸಮೇತ. ಇಷ್ಟಾದರೂ ಯಾರೂ ಏನನ್ನೂ ಮಾಡಿರಲಿಲ್ಲ. ನಾಲ್ಕನೆಯ ಪುಟದಲ್ಲಿ ಸೊಸೆಯೊಬ್ಬಳು ಕಣಜದ ಬೀಗದ ಕೈಯನ್ನು ಕುಪ್ಪಸದೊಳಗೆ ಮುಚ್ಚಿಟ್ಟುಕೊಂಡು ಬಚ್ಚಲಿಗೆ ಹೋಗುತ್ತಾಳೆ. ಅಲ್ಲಿ ನಾನು ಎದ್ದು ಕುಳಿತೆ. ಅಜ್ಜನ ಇಬ್ಬರು ಹೆಂಡಿರೂ ಯಾಕೆ ಬೇಕು ಎಂದು ಆಗ ತಿಳಿಯಿತು. ವಂಶಾವಳಿ ತಪ್ಪಲ್ಲ, ಬೀಗದ ಕೈಗಿಂತ ಮುಂಚೆ ಬಂದದ್ದು ತಪ್ಪು. ‘ಎಳೆದಿದ್ದೀರಿ’ ಎಂಬ ಮಾತು ಇದನ್ನು ಹೇಳುವುದಿಲ್ಲ. ಅದನ್ನು ಕೇಳಿದ ಲೇಖಕ ಪುಟ ಕಡಿಮೆ ಮಾಡುತ್ತಾನೆ. ಸೂರ್ಯನನ್ನು ಉಳಿಸಿಕೊಂಡು ಬೀಗದ ಕೈಯನ್ನೇ ತೆಗೆದುಹಾಕಿದರೂ ಆಶ್ಚರ್ಯವಿಲ್ಲ.

ಈ ಕಾರಣಕ್ಕೆ ನನಗೆ ‘ಹತ್ತು’ ಎಂಬ ಕ್ರಿಯಾಪದದ ಮೇಲೆ ಕಣ್ಣು ಬಿದ್ದಿದೆ. ಏರು, ಅಂಟು, ಹೊತ್ತಿಕೊಳ್ಳು, ತೊಡಗು ಎಂಬ ಅರ್ಥಗಳೆಲ್ಲ ಅದಕ್ಕಿವೆ. ‘ಓದಹತ್ತಿದನು’ ಎಂದರೆ ಓದಲು ತೊಡಗಿದನು. ‘ರುಚಿ ಹತ್ತಿತು’ ಎಂದರೆ ಇನ್ನು ಬಿಡುವುದಿಲ್ಲ. ‘ತಲೆಗೆ ಹತ್ತಲಿಲ್ಲ’ ಎಂದರೆ ಒಳಗೇ ಇಳಿಯಲಿಲ್ಲ. ತೊಡಗುವುದು, ಬಿಡದಂತಾಗುವುದು ಎರಡೂ ಒಂದೇ ಧಾತುವಿನಲ್ಲಿ ಸಿಗುವುದು ಆರಂಭದ ಪುಟಗಳಿಗೆ ಹೇಳಿಮಾಡಿಸಿದಂತಿದೆ. ಇನ್ನೊಂದು ಅನುಕೂಲ: ‘ನನಗೆ ಹತ್ತಲಿಲ್ಲ’ ಎನ್ನುವಾಗ ಓದುಗ ಚತುರ್ಥಿಯಲ್ಲಿ ನಿಲ್ಲುತ್ತಾನೆ. ನನಗೆ ಹತ್ತದ್ದು ನಿಮಗೆ ಹತ್ತಬಹುದು ಎಂಬುದಕ್ಕೆ ಮಾತಿನಲ್ಲೇ ಜಾಗವಿದೆ.

ಅನಂತಮೂರ್ತಿಯವರ ಸಂಸ್ಕಾರದ (1965) ಆರಂಭ ಹತ್ತುವುದು ಹೇಗೆ ನೋಡಿ. ಅಲ್ಲೂ ಸಾವಿದೆ. ಆದರೆ ಮೊದಲು ಬರುವುದು ಪ್ರಾಣೇಶಾಚಾರ್ಯರ ದಿನಚರಿ: ರೋಗಿ ಹೆಂಡತಿಗೆ ಸ್ನಾನ, ಪೂಜೆ, ಗಂಜಿ, ನಿಮ್ಮ ಊಟ ಮೊದಲಾಗಲಿ ಎಂಬ ಅವಳ ಮಾತು, ಇಲ್ಲ ನಿನ್ನ ಗಂಜಿ ಮೊದಲಾಗಲಿ ಎಂಬ ಅವರ ಮಾತು. ಇಪ್ಪತ್ತು ವರ್ಷಗಳಿಂದ ನಡೆದುಬಂದದ್ದು. ಅವರು ಊಟಕ್ಕೆ ಕೂರುವ ಮೊದಲೇ ಚಂದ್ರಿ ಬಂದು, ಆಚಾರ ಬಿಟ್ಟು ಅವಳೊಡನೆ ಬಾಳುತ್ತಿದ್ದ ನಾರಣಪ್ಪ ಸತ್ತ ಸುದ್ದಿ ಹೇಳುತ್ತಾಳೆ. ಹೆಣ ಎದ್ದ ಹೊರತು ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಹೆಣ ಎತ್ತುವವರು ಯಾರೆಂಬುದು ಇತ್ಯರ್ಥವಾಗುವಂತಿಲ್ಲ. ಧರ್ಮಸೂಕ್ಷ್ಮ ಹೊಟ್ಟೆಯ ಸಂಕಟವಾಗಿ ಬರುತ್ತದೆ. ಶಾಸ್ತ್ರ ಗೊತ್ತಿಲ್ಲದ ಓದುಗನಿಗೂ ಹಸಿವು ಗೊತ್ತು. ಹುಕ್‌ಪಂಥದವರು ಆ ಸಾವನ್ನು ಮೊದಲ ಸಾಲಿಗೆ ಎಳೆದು ತಂದು ಗಂಜಿಯ ಬಟ್ಟಲನ್ನು ಕಿತ್ತುಹಾಕುತ್ತಿದ್ದರು. ಆಗ ಉಳಿಯುತ್ತಿದ್ದದ್ದು ಬರೀ ಸುದ್ದಿ.

ತದ್ವಿರುದ್ಧ ಉದಾಹರಣೆ ಮಲೆಗಳಲ್ಲಿ ಮದುಮಗಳು (1967). ಕಾಡುದಾರಿಯಲ್ಲಿ ಗುತ್ತಿ, ಜೊತೆಗೆ ಹುಲಿಯ ಎಂಬ ನಾಯಿ. ಅವಸರವೆಂಬುದಿಲ್ಲ. ಹೆಸರುಗಳು, ಹಟ್ಟಿಗಳು, ಗೌಡರು, ಹೆಗ್ಗಡೆಯವರು ಒಬ್ಬರ ಹಿಂದೊಬ್ಬರು ಬರುತ್ತಾರೆ. ಅಲ್ಲೇ ಕೈಬಿಟ್ಟವರನ್ನು ಬಲ್ಲೆ. ಅದರ ಹೊರತು ಬೇರೇನೂ ಬೇಡ ಎನ್ನುವವರನ್ನೂ ಬಲ್ಲೆ. ‘ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ’ ಎಂದು ಕುವೆಂಪು ಬಾಗಿಲಲ್ಲೇ ಬರೆದು ಹಾಕಿದ್ದಾರೆ. ನಾಯಕನನ್ನು ಹುಡುಕುತ್ತ ಹೋದವನಿಗೆ ಅದು ಹತ್ತುವುದಿಲ್ಲ, ಗುತ್ತಿಯ ಹಿಂದೆ ನಡೆದವನಿಗೆ ಹತ್ತುತ್ತದೆ. ಇದು ಎಳೆದದ್ದು ಎಂದರೆ ನಾನು ಒಪ್ಪುವುದಿಲ್ಲ. ತೇಜಸ್ವಿಯವರ ಕರ್ವಾಲೊದಲ್ಲಿ (1980) ಹಾರುವ ಓತಿಯ ಸುಳಿವು ಸಿಗುವುದು ಎಷ್ಟೋ ಆಮೇಲೆ. ಮೊದಲಿಗೆ ನಮ್ಮನ್ನು ಕೂರಿಸಿಕೊಳ್ಳುವುದು ಜೇನುತುಪ್ಪದ ವ್ಯವಹಾರ ಮತ್ತು ಹೇಳುವವನ ಧಾಟಿ. ಅಂದಹಾಗೆ, ಈ ಪ್ರಕಾರಕ್ಕೇ ಹೆಸರು ಕೊಟ್ಟ ಬಾಣನ ಕಾದಂಬರಿಯಲ್ಲಿ ನಾಯಕಿ ಕಾದಂಬರಿ ಕಾಣಿಸಿಕೊಳ್ಳುವಷ್ಟರಲ್ಲಿ ಒಂದು ಗಿಳಿ ಅರ್ಧ ಕತೆ ಹೇಳಿ ಮುಗಿಸಿರುತ್ತದೆ.

ಬಲ್ಲವರಲ್ಲಿ ಕೇಳುವುದು ಇಷ್ಟು. ಧಾರವಾಡ, ಬೆಳಗಾವಿ ಕಡೆಯವರು ‘ಮನಸ್ಸಿಗೆ ಹತ್ತಲಿಲ್ಲ’ ಎನ್ನುವುದನ್ನು ಕೇಳಿದ್ದೇನೆ. ಪುಸ್ತಕಕ್ಕೂ ನೇರವಾಗಿ ‘ಕಾದಂಬರಿ ಹತ್ತಿತು’ ಎನ್ನುತ್ತೀರಾ, ಅಥವಾ ನಡುವೆ ಮನಸ್ಸೋ ರುಚಿಯೋ ಬರಲೇಬೇಕಾ? ಹಳೆ ಮೈಸೂರಿನ ಕಡೆ ಅದು ಕೃತಕವಾಗಿ ಕೇಳಿಸುತ್ತದೆಯೇ? ಕರಾವಳಿಯವರು ಯಕ್ಷಗಾನದ ಪದಕ್ಕೆ ಹೇಳುವ ‘ಎತ್ತುಗಡೆ’ಯನ್ನು ಕತೆಯ ಆರಂಭಕ್ಕೂ ಬಳಸಿದ್ದನ್ನು ಯಾರಾದರೂ ಓದಿದ್ದೀರಾ? ಅಚ್ಚಾದ ಬಳಕೆ ಇದ್ದರೆ ವಾಕ್ಯ ಸಮೇತ ತಿಳಿಸಿ. ಆ ಲೇಖಕರಿಗೆ ಎರಡನೆಯ ಪತ್ರ ಬರೆಯಬೇಕಾಗಿದೆ, ಬೀಗದ ಕೈಯನ್ನು ಅವರು ಇನ್ನೂ ತೆಗೆದುಹಾಕಿಲ್ಲ.